ಬೇಸ್ ಗಿಟಾರು ಮತ್ತು ನಮ್ಮ ಉಪ್ಪುಗಾಳಿ

ಕೇಳುಗರೆಲ್ಲರಿಗೂ ನಮಸ್ಕಾರ.

ಬೇಸ್ ಗಿಟಾರಿನ ಬಗ್ಗೆ ಹತ್ತು ನಿಮಿಷ ಮಾತಾಡಿ ಅಂತ ಕಾರವಾರ ಆಕಾಶವಾಣಿಯವರು ಕರೆದಿದ್ದಾರೆ. ಹತ್ತು ನಿಮಿಷ ಜಾಸ್ತಿಯಾಯಿತು. ನಾನು ಹೇಳಬೇಕಾದದ್ದು ಒಂದೇ ಮಾತು. ನುಡಿಸಿ ಮುಗಿದ ಮೇಲೆ ತಂತಿ ಒರೆಸಿ. ಇಷ್ಟು ಹೇಳಿ ಎದ್ದು ಹೋಗಬಹುದಿತ್ತು. ಆದರೆ ಕೋಡಿಬಾಗದಲ್ಲಿ ಗಿಟಾರು ರಿಪೇರಿ ಮಾಡುತ್ತಾ ಇಪ್ಪತ್ತು ವರ್ಷದಿಂದ ಇದೇ ಮಾತು ಹೇಳುತ್ತಿದ್ದೇನೆ, ಕೇಳಿದವರು ಕೈಬೆರಳಲ್ಲಿ ಎಣಿಸುವಷ್ಟು ಜನ. ಅದಕ್ಕೇ ಕಾರಣವನ್ನೂ ಸೇರಿಸಿ ಹೇಳುತ್ತೇನೆ.

ಬೇಸ್ ಅಂದರೆ ನಾಲ್ಕು ದಪ್ಪ ತಂತಿಯ ಗಿಟಾರು. ಮದುವೆ ಆರ್ಕೆಸ್ಟ್ರಾದಲ್ಲಿ ಡ್ರಮ್ ಪಕ್ಕ ಒಬ್ಬ ಸುಮ್ನೆ ನಿಂತು ತಲೆ ಆಡಿಸುತ್ತಿರುತ್ತಾನೆ, ಯಾರೂ ಅವನ ಫೋಟೋ ತೆಗೆಯುವುದಿಲ್ಲ. ಅವನ ಕೈಯಲ್ಲಿರುವುದು ಅದೇ. ಯಕ್ಷಗಾನದಲ್ಲಿ ಚಂಡೆ ಆಚೆ ಊರಿಗೂ ಕೇಳಿಸುತ್ತದೆ, ಮದ್ದಳೆ ಅಷ್ಟು ದೂರ ಹೋಗುವುದಿಲ್ಲ. ಆದರೆ ಮದ್ದಳೆ ನಿಂತರೆ ಭಾಗವತರ ಪದ ಬೋಳಾಗಿಬಿಡುತ್ತದೆ, ಅಲ್ವಾ? ಬೇಸ್ ನಿಂತರೆ ಹಾಡಿನ ಗತಿಯೂ ಅದೇ.

ಈಗ ತಂತಿ. ಒಳಗೊಂದು ಉಕ್ಕಿನ ತಂತಿ, ಅದರ ಮೇಲೆ ಇನ್ನೊಂದು ತಂತಿಯನ್ನು ಒತ್ತೊತ್ತಾಗಿ ಸುತ್ತಿರುತ್ತಾರೆ. ಉಗುರು ಎಳೆದರೆ ಜಿರ್ರ್ ಅನ್ನುತ್ತದೆ. ಸುತ್ತಿನ ನಡುವಿನ ಆ ಸಂದಿಯಲ್ಲಿ ಬೆರಳಿನ ಬೆವರು ಕೂರುತ್ತದೆ. ನಮ್ಮಲ್ಲಿ ಅದರ ಜೊತೆಗೆ ಸಮುದ್ರದ ಉಪ್ಪುಗಾಳಿ. ಕಿಟಕಿಯ ಸರಳನ್ನೇ ತಿನ್ನುವ ಗಾಳಿ ಇದು, ತಂತಿಯನ್ನು ಬಿಡುತ್ತದೆಯೇ? ಬಂಗಡೆ ಹೆಚ್ಚುತ್ತಾ ರೇಡಿಯೋ ಕೇಳುತ್ತಿರುವ ಅಕ್ಕಂದಿರೇ, ಮೀನು ಹೆಚ್ಚಿದ ಮೆಟ್ಟುಕತ್ತಿಯನ್ನು ತೊಳೆಯದೆ, ಒರೆಸದೆ ನೀವು ಇಡುತ್ತೀರಾ? ಇಡುವುದಿಲ್ಲ. ನಮ್ಮ ಹುಡುಗರು ಮಾತ್ರ ಎರಡು ಸಾವಿರದ ತಂತಿಯನ್ನು ಹಾಗೇ ಚೀಲಕ್ಕೆ ತುರುಕುತ್ತಾರೆ.

ಕೊಳೆ ಕೂತರೆ ಏನಾಗುತ್ತದೆ? ಬೇಸ್‌ನ ಅತಿ ಕೆಳಗಿನ ಸ್ವರದ ತಂತಿ ಸೆಕೆಂಡಿಗೆ 41 ಸಲ ನಡುಗುತ್ತದೆ. ಜೊತೆಗೆ 82, 123, ಹೀಗೆ ಮೇಲಿನ ಸ್ವರಗಳೂ ಸಣ್ಣದಾಗಿ ಬರುತ್ತವೆ. ನಿಮ್ಮ ಅಡುಗೆಮನೆಯ ರೇಡಿಯೋ, ಜೇಬಿನ ಮೊಬೈಲು, ಇವುಗಳ ಸ್ಪೀಕರಿಗೆ 41 ನುಡಿಸುವ ತಾಕತ್ತಿಲ್ಲ. ಆದರೂ ನಿಮಗೆ ಬೇಸ್ ಕೇಳಿಸುತ್ತದೆ. ಮೇಲಿನ ಸ್ವರಗಳನ್ನು ಕೇಳಿ ಕೆಳಗಿನದನ್ನು ಕಿವಿಯೇ ತುಂಬಿಕೊಳ್ಳುತ್ತದೆ. ಕೊಳೆ ಮೊದಲು ಕೊಲ್ಲುವುದು ಈ ಮೇಲಿನ ಸ್ವರಗಳನ್ನೇ. ಹಾಗಾಗಿ ಒರೆಸದ ತಂತಿಯಲ್ಲಿ ನೀವು ಎಷ್ಟು ಚೆನ್ನಾಗಿ ನುಡಿಸಿ ರೆಕಾರ್ಡ್ ಮಾಡಿದರೂ ಮೊಬೈಲಲ್ಲಿ ಕೇಳುವವನಿಗೆ ಡಬ್ ಡಬ್ ಅಂತ ಗೋಣಿಚೀಲ ಬಡಿದ ಸದ್ದು.

ಇಲ್ಲೊಂದು ಕಥೆ ಹೇಳಲೇಬೇಕು. ಜಾಕೋ ಪಾಸ್ಟೋರಿಯಸ್ ಅಂತ ಒಬ್ಬ ಬೇಸ್ ವಾದಕ. ಹುಟ್ಟಿದ್ದು 1951ರಲ್ಲಿ. ಗಿಟಾರು ತಯಾರಿಸುತ್ತಿದ್ದ ಲಿಯೋ ಫೆಂಡರ್ ತನ್ನ ಪ್ರಿಸಿಷನ್ ಬೇಸ್ ಅನ್ನುವ ಎಲೆಕ್ಟ್ರಿಕ್ ಬೇಸನ್ನು ಮಾರುಕಟ್ಟೆಗೆ ತಂದದ್ದೂ ಅದೇ ವರ್ಷ. ಜಾಕೋ ಬೆಳೆದದ್ದು ಅಮೆರಿಕದ ಫ್ಲಾರಿಡಾದ ಸಮುದ್ರದಂಡೆಯಲ್ಲಿ. ಸೆಕೆ, ಬೆವರು, ಉಪ್ಪುಗಾಳಿ, ಎಲ್ಲಾ ನಮ್ಮದೇ ತರ. ಹುಡುಗನಾಗಿದ್ದಾಗ ದುಡ್ಡು ಕೂಡಿಸಿ ಆಳೆತ್ತರದ ಮರದ ಡಬಲ್ ಬೇಸ್ ಕೊಂಡ. ಒಂದು ಬೆಳಿಗ್ಗೆ ಎದ್ದು ನೋಡಿದರೆ ಮರ ಬಿರಿದುಹೋಗಿತ್ತು. ಹವೆಯ ತೇವ! ಆಮೇಲೆ ಅವನು ಫೆಂಡರ್ ಕಂಪನಿಯದೇ ಜಾಝ್ ಬೇಸ್ ಅನ್ನುವ ಎಲೆಕ್ಟ್ರಿಕ್ ಬೇಸ್ ಹಿಡಿದ. ಅದರ ಫ್ರೆಟ್, ಅಂದರೆ ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿಗಳನ್ನು ಕಿತ್ತನಂತೆ. ಡಬಲ್ ಬೇಸ್‌ನಲ್ಲಿ ಬರುವ ಜಾರುಸ್ವರ ಬೇಕಿತ್ತು ಅವನಿಗೆ. ಆದರೆ ಒರಟು ತಂತಿ ಬರೀ ಮರದ ಮೇಲೆ ಆಡಿದರೆ ಅರದ ಹಾಗೆ ಉಜ್ಜುತ್ತದೆ. ಅದಕ್ಕೆ ದೋಣಿಗೆ ಬಳಿಯುವ ಎಪಾಕ್ಸಿ ಅನ್ನುವ ಗಟ್ಟಿ ಅಂಟನ್ನು ಮರದ ಮೇಲೆ ಬಳಿದ. ಗಾಜಿನಂತಾಯಿತು. 1976ರಲ್ಲಿ ಅವನ ಹೆಸರಿನದೇ ಆಲ್ಬಮ್ ಬಂತು. ಬೇಸ್ ಹೀಗೂ ಹಾಡುತ್ತದೆಯೇ ಅಂತ ಜಗತ್ತು ತಿರುಗಿ ನೋಡಿತು.

ಇದನ್ನು ಓದಿದಾಗ ನನಗೆ ಇಪ್ಪತ್ತೆರಡು ವರ್ಷ. ದೋಣಿಯ ಎಪಾಕ್ಸಿ ಅಂದ ಕೂಡಲೇ ಸೈಕಲ್ ಹತ್ತಿ ಬೈತಖೋಲಕ್ಕೆ ಹೋದೆ. ಮಳೆಗಾಲ, ಟ್ರಾಲರುಗಳೆಲ್ಲ ನಿಂತಿದ್ದವು. ಫೈಬರ್ ದೋಣಿಗೆ ತೇಪೆ ಹಾಕುತ್ತಿದ್ದ ಮಾಮನ ಹತ್ತಿರ ರೆಸಿನ್, ಅಂದರೆ ಆ ತೇಪೆಯ ಅಂಟು ಕೇಳಿದೆ. 'ಯಾವ ದೋಣಿಗೋ?' ಅಂದರು. 'ಗಿಟಾರಿಗೆ ಮಾಮ' ಅಂದೆ. ಅವರು ಒಂದು ನಿಮಿಷ ನನ್ನ ಮುಖವನ್ನೇ ನೋಡಿ, ಹಾರ್ಲಿಕ್ಸ್ ಬಾಟಲಿಯಲ್ಲಿ ಅರ್ಧ ತುಂಬಿಸಿಕೊಟ್ಟರು. ಅದನ್ನು ಗಟ್ಟಿ ಮಾಡುವ ಹಾರ್ಡನರ್ ಬೇರೆ ಶೀಶೆಯಲ್ಲಿ. ಹನಿ ಲೆಕ್ಕದಲ್ಲಿ ಹಾಕು ಅಂದಿದ್ದರು. ನಾನು ಮುಚ್ಚಳದ ಲೆಕ್ಕದಲ್ಲಿ ಹಾಕಿದೆ. ಡಬ್ಬಿ ಕೈಯಲ್ಲೇ ಬಿಸಿಯಾಗಿ ಹೊಗೆ ಬಂತು, ರೆಸಿನ್ ಬೆಲ್ಲದಚ್ಚಿನ ಹಾಗೆ ಗಟ್ಟಿಯಾಯಿತು. ಎರಡನೇ ಸಲ ಹೆದರಿ ಕಡಿಮೆ ಹಾಕಿದೆ. ಆ ಜಡಿಮಳೆಯಲ್ಲಿ ನಾಲ್ಕು ದಿನವಾದರೂ ಅಂಟು ಆರಲಿಲ್ಲ. ಒಂದು ಸೊಳ್ಳೆ ಬಂದು ಕೂತಿತು, ಐದನೇ ಫ್ರೆಟ್ ಕಿತ್ತ ಜಾಗದ ಹತ್ತಿರ. ಅದು ಇವತ್ತಿಗೂ ಅಲ್ಲೇ ಇದೆ. ಬೇಕಾದರೆ ಬಂದು ನೋಡಿ. ಸ್ವರ ಹಿಡಿಯಲು ಒಳ್ಳೆಯ ಗುರುತು.

ಆ ಬೇಸ್ ಚೆನ್ನಾಗಿಯೇ ನುಡಿಯಿತು. ಗಣೇಶ ಚೌತಿಯಲ್ಲಿ ಸದಾಶಿವಗಡದಲ್ಲಿ ಮೂರು ರಾತ್ರಿ ನುಡಿಸಿದೆ. ಕೊನೆಯ ರಾತ್ರಿ ಸುಸ್ತಾಗಿ, ಬೆವರಿನ ಕೈಯಲ್ಲೇ ಚೀಲಕ್ಕೆ ಹಾಕಿ ಮಂಚದ ಕೆಳಗೆ ತಳ್ಳಿದೆ. ದಸರೆಗೆ ತೆಗೆದರೆ ತಂತಿ ಕಂದು ಬಣ್ಣ. ಬೆರಳಿಗೆ ತುಕ್ಕಿನ ಪುಡಿ. ತಂತಿ ಕೂರುವ ಬ್ರಿಜ್‌ನ ಪುಟ್ಟ ಸ್ಕ್ರೂಗಳು ಕಚ್ಚಿಕೊಂಡಿದ್ದವು, ಅಲೆನ್ ಕೀ ಹಾಕಿ ತಿರುಗಿಸಿದರೆ ಒಳಗಿನ ಮೂಲೆಯೇ ಸವೆದುಹೋಯಿತು. ಅಷ್ಟೆಲ್ಲಾ ಒದ್ದಾಡಿ ಜಾಕೋನ ಹಾಗೆ ರೆಸಿನ್ ಬಳಿದವನು ಒಂದು ಹಳೇ ಬನಿಯನ್ ತುಂಡಿನಿಂದ ತಂತಿ ಒರೆಸಿರಲಿಲ್ಲ!

ಈಗ ಕೆಲವು ಬುದ್ಧಿವಂತರು ಶುರು ಮಾಡುತ್ತಾರೆ. 'ಸರ್, ಜೇಮ್ಸ್ ಜೇಮರ್ಸನ್ ತಂತಿಯನ್ನೇ ಬದಲಿಸುತ್ತಿರಲಿಲ್ಲ.' ಗೊತ್ತಪ್ಪಾ. ಮೋಟೌನ್ ರೆಕಾರ್ಡ್ ಕಂಪನಿಯ ಹಾಡುಗಳಿಗೆ ಅಮೆರಿಕದ ಡೆಟ್ರಾಯ್ಟ್‌ನಲ್ಲಿ ಬೇಸ್ ನುಡಿಸಿದ ಮಹಾಶಯ. ಒಂದೇ ತೋರುಬೆರಳಲ್ಲಿ ಮೀಟುತ್ತಿದ್ದ. ತಂತಿ ಕಡಿದರೆ ಮಾತ್ರ ಹೊಸದು. ಆದರೆ ಅವನದು ಫ್ಲಾಟ್‌ವೌಂಡ್ ತಂತಿ, ಮೇಲೆ ಚಪ್ಪಟೆ ಪಟ್ಟಿ ಸುತ್ತಿದ್ದು. ಸಂದಿಯೇ ಇಲ್ಲದಷ್ಟು ನುಣುಪು. ಅವನಿಗೆ ಬೇಕಾಗಿದ್ದದ್ದೂ ಮಂದ ನಾದವೇ. ಇನ್ನೊಂದು, ಡೆಟ್ರಾಯ್ಟ್ ಇರುವುದು ನದಿಯ ದಂಡೆಯಲ್ಲಿ. ಅಲ್ಲಿ ಅರಬ್ಬೀ ಸಮುದ್ರ ಇಲ್ಲ. ನೀವು ಜೇಮರ್ಸನ್ ಆದ ದಿನ ಒರೆಸಬೇಡಿ, ನಾನು ಕೇಳುವುದಿಲ್ಲ.

ಶಿರಸಿ, ಸಿದ್ದಾಪುರದವರು ಸಮುದ್ರ ದೂರ ಅಂತ ನಗಬೇಡಿ. ನಿಮ್ಮಲ್ಲಿ ಉಪ್ಪಿಲ್ಲ, ಬೂಷ್ಟು ಇದೆ. ಮಳೆಗಾಲದಲ್ಲಿ ಗಿಟಾರಿನ ಕತ್ತು ಬಾಗುತ್ತದೆ. ಒಳಗೆ ಅದನ್ನು ನೆಟ್ಟಗೆ ಮಾಡುವ ಟ್ರಸ್ ರಾಡ್ ಅನ್ನುವ ಸರಳಿದೆ, ಅದನ್ನು ಒಂದು ಸಲಕ್ಕೆ ಕಾಲು ಸುತ್ತು ಮಾತ್ರ ತಿರುಗಿಸಿ, ಒಂದು ರಾತ್ರಿ ಬಿಡಿ, ಆಮೇಲೆ ನೋಡಿ. ಚಪ್ಪಲಿ ಡಬ್ಬಿಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ ಎಸೆಯಬೇಡಿ, ಚೀಲದಲ್ಲಿ ಹಾಕಿಡಿ. ಹಳೇ ತಂತಿಯನ್ನು ನೀರಲ್ಲಿ ಕುದಿಸಿದರೆ ಜೀವ ಬರುತ್ತದಂತೆ, ಹೌದೇ ಅಂತ ಕೇಳುತ್ತಾರೆ. ಬರುತ್ತದೆ, ಕೆಲವು ದಿನದ ಮಟ್ಟಿಗೆ. ಮನೆಯವರ ಹಾಲಿನ ಪಾತ್ರೆಯಲ್ಲಿ ಮಾತ್ರ ಕುದಿಸಬೇಡಿ. ಹೇಗೆ ಒರೆಸುವುದು? ಒಣಬಟ್ಟೆಯಲ್ಲಿ ತಂತಿಯನ್ನು ಮೇಲೂ ಕೆಳಗೂ ಹಿಡಿದು, ಚಿಮಟಿಗೆಯಲ್ಲಿ ಹಿಡಿದ ಹಾಗೆ, ಉದ್ದಕ್ಕೂ ಎಳೆಯಿರಿ. ನಾಲ್ಕು ತಂತಿಗೆ ಒಂದು ನಿಮಿಷ ಸಾಕು.

ಆಂಪ್ಲಿಫೈಯರು ಯಾವುದು ಕೊಳ್ಳಬೇಕು ಅಂತ ಒಂದು ಹಾಳೆ ಬರೆದುಕೊಂಡು ಬಂದಿದ್ದೆ. ಗಾಜಿನ ಆಚೆಯಿಂದ ಕೈ ತೋರಿಸುತ್ತಿದ್ದಾರೆ, ಸಮಯ ಮುಗಿಯಿತಂತೆ. ಇವತ್ತು ರಾತ್ರಿ 1981ರ 'ಗೀತಾ' ಚಿತ್ರದ 'ಜೊತೆಯಲಿ' ಹಾಡನ್ನು ಹೆಡ್‌ಫೋನ್ ಹಾಕಿ ಕೇಳಿ. ಇಳಯರಾಜ ಅವರ ಸಂಗೀತ. ಎಸ್‌ಪಿಬಿ, ಜಾನಕಿಯಮ್ಮ ಇಬ್ಬರನ್ನೂ ಒಂದು ಸಲ ಬಿಟ್ಟು ಕೆಳಗೆ ಓಡುತ್ತಿರುವ ಬೇಸನ್ನು ಮಾತ್ರ ಹಿಂಬಾಲಿಸಿ. ಅದರಲ್ಲಿ ಒಂದು ಕಡೆ… ಆಯಿತು, ಆಯಿತು, ಮುಗಿಸಿದೆ. ನಮಸ್ಕಾರ.