ತೆಂಗಿನ ಕೆಂಪು ಮೂತಿ ಹುಳುವಿಗೆ ಬಕೆಟ್ ಬಲೆ

ಕೇಳುಗರಿಗೆ ನಮಸ್ಕಾರ. ಗೋವಾದ ಬಾರ್ದೇಶ, ಸಾಷ್ಟಿ ಕಡೆ ತೆಂಗಿನ ತೋಟ ನೋಡಿಕೊಳ್ಳುವ ಕನ್ನಡಿಗರಿಗಾಗಿ ಇವತ್ತು ಕೆಂಪು ಮೂತಿ ಹುಳುವಿನ ವಿಚಾರ.

ಹುಳು ಅಂತ ಕರೆದರೂ ಇದು ದುಂಬಿಯ ಜಾತಿ. ಗಾಯವಾದ ಮರದ ರಸ ಹುಳಿತಾಗ ಬರುವ ವಾಸನೆ ಇದನ್ನು ಸೆಳೆಯುತ್ತದೆ. ಬಂದ ಗಂಡು ತಾನೂ ಫೆರುಜಿನಿಯಾಲ್ ಎಂಬ ವಾಸನೆ ಬಿಡುತ್ತದೆ; 1993ರಲ್ಲಿ ಇದನ್ನು ಗುರುತಿಸಿದರು. ನಾವು ಎಲ್ಲವನ್ನೂ ಲಿಂಗಾಕರ್ಷಕ ಬಲೆ ಎಂದುಬಿಡುತ್ತೇವೆ, ಇಲ್ಲಿ ಆ ಹೆಸರು ಹೊಂದುವುದಿಲ್ಲ. ಹೆಚ್ಚಿನ ಪತಂಗಗಳಲ್ಲಿ ಹೆಣ್ಣು ಕರೆಯುತ್ತದೆ, ಗಂಡು ಬರುತ್ತದೆ. ಇಲ್ಲಿ ಗಂಡಿನ ಕರೆಗೆ ಎರಡೂ ಬರುತ್ತವೆ, ಅದರಲ್ಲೂ ಹೆಣ್ಣೇ ಹೆಚ್ಚು. ಮೊಟ್ಟೆ ಇಡುವುದೇ ಸಿಕ್ಕಿಬಿದ್ದರೆ ಇನ್ನೇನು ಬೇಕು!

ಐದು ಲೀಟರಿನ ಮುಚ್ಚಳದ ಬಕೆಟ್ ಸಾಕು. ಅಂಚಿನ ಕೆಳಗೆ ನಾಲ್ಕು ಕಡೆ, 5 ಸೆಂಟಿಮೀಟರ್ ಉದ್ದ, ಒಂದೂವರೆ ಸೆಂಟಿಮೀಟರ್ ಅಗಲದ ಕಿಂಡಿ ಕೊರೆಯಿರಿ. ಹೊರಮೈಗೆ ಗೋಣಿತಾಟು ಸುತ್ತಿ, ಹುಳು ಹತ್ತಲು ಒರಟಿರಬೇಕು. ಒಳಮೈ ಮಾತ್ರ ನುಣುಪಾಗಿಯೇ ಇರಲಿ. ಗಂಡಿನ ಆ ವಾಸನೆ ತುಂಬಿದ, ಅಂಗಡಿಯಲ್ಲಿ ಸಿಗುವ ಲ್ಯೂರ್ ಪೊಟ್ಟಣವನ್ನು ಮುಚ್ಚಳದ ಒಳಗೆ ತಂತಿಯಲ್ಲಿ ತೂಗುಬಿಡಿ. ತಳಕ್ಕೆ ಒಂದು ಲೀಟರ್ ನೀರು, ಕಬ್ಬಿನ ತುಂಡು ಅಥವಾ ಬಾಳೆಹಣ್ಣು, ಚಿಟಿಕೆ ಯೀಸ್ಟ್ ಹಾಕಿ. ಸುರ್, ಅಂದರೆ ತೆಂಗಿನ ಸೇಂದಿ, ಸಿಕ್ಕರೆ ಅದನ್ನೂ ಸ್ವಲ್ಪ ಬೆರೆಸಬಹುದು, ಬಕೆಟ್ಟಿಗೆ ಮಾತ್ರ!

ಬಹಳ ಮಂದಿ ಎಡವುವುದು ಆಮೇಲೆ. ಲ್ಯೂರ್ ಇದೆಯಲ್ಲ ಎಂದು ಹಣ್ಣು ಬದಲಿಸುವುದಿಲ್ಲ. ಗಂಡಿನ ವಾಸನೆಯ ಜೊತೆ ಹುಳಿತ ವಾಸನೆಯೂ ಇದ್ದರೇ ಸೆಳೆತಕ್ಕೆ ಬಲ. ವಾರಕ್ಕೊಮ್ಮೆ ಹಣ್ಣು, ನೀರು ಹೊಸದಾಗಬೇಕು. ನೀರು ಆರಿದರೆ ಬಿದ್ದ ಹುಳು ಎದ್ದು ಹೋಗುತ್ತದೆ. ಬಿಸಿಲಿಗೆ ಕಟ್ಟಿದರೆ ಲ್ಯೂರ್ ಬೇಗ ಆವಿಯಾಗುತ್ತದೆ, ನೆರಳಲ್ಲಿ ಕಟ್ಟಿ. ಎಳೆ ತೆಂಗಿಗಂತೂ ಕಟ್ಟಲೇಬೇಡಿ: ಕರೆಗೆ ಬಂದ ಹುಳುವೆಲ್ಲ ಬಕೆಟ್ಟಿಗೇ ಇಳಿಯುವುದಿಲ್ಲ, ಪಕ್ಕದ ಮರದಲ್ಲಿ ಗಾಯ ಕಂಡರೆ ಅಲ್ಲೇ ಮೊಟ್ಟೆ ಇಡುತ್ತದೆ. ಬೇರೆ ಜಾತಿಯ ಮರಕ್ಕೋ ಗೂಟಕ್ಕೋ, ಸೊಂಟದೆತ್ತರದಲ್ಲಿ, ಹೆಕ್ಟೇರಿಗೊಂದರಂತೆ ಕಟ್ಟಿ.

ಸುಳಿ ಕೊರೆಯುವ ಕೊಂಬಿನ ದುಂಬಿಗೆ ಈ ಲ್ಯೂರ್ ನಡೆಯದು. ಅದರ ವಾಸನೆ ಎಥೈಲ್ 4-ಮೀಥೈಲ್ ಆಕ್ಟನೋಯೇಟ್, ಅಂಗಡಿಯಲ್ಲಿ ಕೇಳುವಾಗ ಹುಳುವಿನ ಹೆಸರು ಹೇಳಿಯೇ ಕೇಳಿ. ಆದರೆ ಎರಡಕ್ಕೂ ನಂಟಿದೆ. ಕೊಂಬಿನ ದುಂಬಿ ಮಾಡಿದ ತೂತೇ ಮೂತಿ ಹುಳುವಿಗೆ ಬಾಗಿಲು. ಕೊಂಬಿನ ದುಂಬಿ ಮರಿ ಮಾಡುವುದು ಗೊಬ್ಬರದ ಗುಂಡಿಯಲ್ಲಿ. ಗುಂಡಿ ಕೆದಕಿ, ದಪ್ಪ ಬಿಳಿ ಮರಿಗಳನ್ನು ಆಯ್ದು ಕೊಲ್ಲಿ.

ಹಸಿ ಗರಿ ಕಡಿಯುವಾಗ ಕಾಂಡಕ್ಕೆ ಒತ್ತಿ ಕಡಿಯಬೇಡಿ, ನಾಲ್ಕು ಅಡಿ ಬುಡ ಬಿಡಿ. ಹತ್ತಲು ಕಾಂಡಕ್ಕೆ ಹಾಕಿದ ಕಚ್ಚಿಗೆ ಅಂದೇ ಡಾಂಬರು ಬಳಿಯಿರಿ.