ಅಪರೂಪದ ಕಾರ್ಡು, ಕಡಿಮೆಯಾದ ಹಂಬಲ

ಕೇಳುಗರಿಗೆ ನಮಸ್ಕಾರ.

ಅಮೆರಿಕದಲ್ಲಿ 1909ರಿಂದ 1911ರವರೆಗೆ ಸಿಗರೇಟಿನ ಪೊಟ್ಟಣಗಳೊಳಗೆ ಬೇಸ್‌ಬಾಲ್ ಆಟಗಾರರ ಪುಟ್ಟ ಕಾರ್ಡುಗಳು ಬರುತ್ತಿದ್ದವು. ಸಂಗ್ರಾಹಕರು ಆ ಸರಣಿಯನ್ನು ಟಿ206 ಎನ್ನುತ್ತಾರೆ. ಅದರಲ್ಲಿನ ಹೋನಸ್ ವ್ಯಾಗ್ನರ್ ಕಾರ್ಡು ಲೋಕಪ್ರಸಿದ್ಧ. 2022ರಲ್ಲಿ ಒಂದು ಪ್ರತಿ 72.5 ಲಕ್ಷ ಡಾಲರಿಗೆ ಮಾರಾಟವಾಯಿತು. ಅದೇ ಸರಣಿಯಲ್ಲಿ ಜೋ ಡಾಯ್ಲ್ ಎಂಬ ಪಿಚರ್‌ನ, ಅಂದರೆ ಚೆಂಡೆಸೆಯುವವನ, ಕಾರ್ಡೂ ಇದೆ. ಅವನು ನ್ಯೂಯಾರ್ಕಿನ ಅಮೆರಿಕನ್ ಲೀಗ್ ತಂಡದವನು. ಮುದ್ರಕರು ಇನ್ನೊಂದು ಲೀಗ್ ಆದ ನ್ಯಾಷನಲ್ ಲೀಗ್‌ನ ಹೆಸರನ್ನು ತಪ್ಪಾಗಿ ಅಚ್ಚು ಹಾಕಿ ಬೇಗನೆ ತಿದ್ದಿಕೊಂಡರು. ತಪ್ಪು ಉಳಿದ ಪ್ರತಿಗಳು ಬೆರಳೆಣಿಕೆಯಷ್ಟು, ವ್ಯಾಗ್ನರ್‌ನವು ಐವತ್ತರ ಆಸುಪಾಸು. ಆದರೂ ಬೆಲೆಯಲ್ಲಿ ಡಾಯ್ಲ್ ಅವನ ಹತ್ತಿರಕ್ಕೂ ಸುಳಿಯುವುದಿಲ್ಲ.

ಇದು ಹೇಗೆ? ನನ್ನ ಮಟ್ಟಿಗೆ ಉತ್ತರ ಇಷ್ಟೇ: ಕಾರ್ಡು ಇಲ್ಲದಿರುವುದು ಯಾರನ್ನಾದರೂ ಕಾಡಬೇಕು.

1932ರಲ್ಲಿ ಯು.ಎಸ್. ಕ್ಯಾರಮೆಲ್ ಎಂಬ ಮಿಠಾಯಿ ಕಂಪನಿ 32 ಕಾರ್ಡುಗಳ ಸರಣಿ ತಂದು, ಪೂರ್ತಿ ಕೂಡಿಸಿದವರಿಗೆ ಬಹುಮಾನ ಎಂದಿತು. 16ನೆಯದು ಮಾತ್ರ ಸಿಗುತ್ತಲೇ ಇರಲಿಲ್ಲ. ಅದರಲ್ಲಿ ಇರುವವನು ಯಾರೆಂಬುದೇ ದಶಕಗಳವರೆಗೆ ಗೊತ್ತಿರಲಿಲ್ಲ. ಕೊನೆಗೆ ಫ್ರೆಡ್ ಲಿಂಡ್‌ಸ್ಟ್ರೋಮ್ ಎಂದು ತಿಳಿಯಿತು. ಸರಣಿ ಪೂರ್ಣಗೊಳಿಸಲು ಹಠ ಹಿಡಿದವರಿಗೆ ಆ ಒಂದು ಖಾಲಿ ಜಾಗ ಊಟದಲ್ಲಿ ಸಿಕ್ಕ ಕಲ್ಲಿನ ಹಾಗೆ. ಬಿಡಿ ಕಾರ್ಡು ಕೊಳ್ಳುವವರಿಗೆ ಆ ಜಾಗವೇ ಕಾಣುವುದಿಲ್ಲ.

ಇಂದು ಬಿಡಿಯಾಗಿ ಕೊಳ್ಳುವವರೇ ಹೆಚ್ಚು. 1991ರಲ್ಲಿ ಪಿ.ಎಸ್.ಎ. ಸಂಸ್ಥೆ ಕಾರ್ಡಿನ ಸ್ಥಿತಿಗೆ ಹತ್ತರವರೆಗೆ ಅಂಕ ಕೊಟ್ಟು ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿಡಲು ತೊಡಗಿದ ಮೇಲೆ ಹೆಸರಾಂತ ಆಟಗಾರ ಮತ್ತು ಹೆಚ್ಚಿನ ಅಂಕ, ಇವೆರಡೇ ಮಾತಾದವು. 1952ರ ಮಿಕ್ಕಿ ಮ್ಯಾಂಟಲ್ ಕಾರ್ಡು ಸಾವಿರಕ್ಕೂ ಹೆಚ್ಚು ಉಳಿದಿದೆ. ಆದರೂ ಒಂದು ಪ್ರತಿ 2022ರಲ್ಲಿ 1.26 ಕೋಟಿ ಡಾಲರ್ ತಂದಿತು. ಮ್ಯಾಂಟಲ್ ಕಾರ್ಡು ಆಗಾಗ ಹರಾಜಿಗೆ ಬರುತ್ತದೆ, ಸುದ್ದಿಯಾಗುತ್ತದೆ, ಹೊಸಬರಲ್ಲಿ ಆಸೆ ಹುಟ್ಟಿಸುತ್ತದೆ. ಡಾಯ್ಲ್ ಎಷ್ಟೋ ವರ್ಷಕ್ಕೊಮ್ಮೆ ಬಂದು ಹೋಗುತ್ತಾನೆ. ಕಣ್ಣಿಗೇ ಬೀಳದ್ದನ್ನು ಹೊಸಬರು ಬಯಸುವುದಾದರೂ ಹೇಗೆ?

ಈ ಬದಲಾವಣೆ ನನಗೆ ನೋವು ತರುತ್ತದೆ. ಟಿ206 ಎಂಬ ಹೆಸರು ಬಂದಿದ್ದೇ ಜೆಫರ್ಸನ್ ಬರ್ಡಿಕ್ ಎಂಬ ಸಂಗ್ರಾಹಕರು ಮಾಡಿದ ಕಾರ್ಡುಗಳ ಪಟ್ಟಿಯಿಂದ. ಸಂಧಿವಾತದಿಂದ ನರಳುತ್ತಲೇ ಅವರು ಮೂರು ಲಕ್ಷಕ್ಕೂ ಹೆಚ್ಚು ಮುದ್ರಿತ ಚೀಟಿಗಳನ್ನು ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಂಗೆ ಕೊಟ್ಟರು. 1963ರಲ್ಲಿ ತೀರಿಕೊಳ್ಳುವ ಸುಮಾರು ಎರಡು ತಿಂಗಳ ಮೊದಲಿನವರೆಗೂ ಅಲ್ಲಿ ಕುಳಿತು ಅವನ್ನು ಸರಣಿಯ ಪ್ರಕಾರ ಆಲ್ಬಂಗಳಿಗೆ ಅಂಟಿಸಿದರು. ಇಂದಿನ ಅಂಕದ ಲೆಕ್ಕದಲ್ಲಿ ಅಂಟು ತಾಗಿದ ಕಾರ್ಡು ಕೆಟ್ಟ ಕಾರ್ಡು. ಬರ್ಡಿಕ್‌ರಿಗೆ ಮಾತ್ರ ಪ್ರತಿ ಕಾರ್ಡೂ ತನ್ನ ಸಾಲಿನಲ್ಲಿ ಕೂರುವುದು ಮುಖ್ಯವಾಗಿತ್ತು.