ಆ ಸುಳ್ಳುಗಳ ಋಣ

ನಮಸ್ಕಾರ. ಇವತ್ತು ಒಂದು ಹಳೆ ನೋಟ್‌ಪುಸ್ತಕ ಎದುರಿಗಿಟ್ಟುಕೊಂಡು ಮಾತಾಡ್ತಿದ್ದೇನೆ. ರಟ್ಟು ಕಿತ್ತುಹೋಗಿದೆ, ನಡುವಿನ ಎರಡು ಹಾಳೆ ಗೆದ್ದಲು ತಿಂದಿದೆ. ನನ್ನ ಅಮ್ಮನದ್ದು. 1990ರ ಆಗಸ್ಟ್‌ನಲ್ಲಿ ಶುರು ಮಾಡಿ ಮರುವರ್ಷದ ಈಸ್ಟರ್ ತನಕ ಬರೆದದ್ದು. ಎಡಗಡೆ ತಾರೀಕು, ನಡುವೆ ವಸ್ತು, ಬಲಗಡೆ ಕೊಟ್ಟವರ ಹೆಸರು. ಓದ್ತೇನೆ, ಕೇಳಿ.

ಕುಚ್ಚಲಕ್ಕಿ, ಐದು ಸೇರು. ಹೆಸರಿನ ಜಾಗ ಖಾಲಿ. ತೆಂಗಿನಕಾಯಿ ಎಂಟು. ಖಾಲಿ. ಮಕ್ಕಳ ಶಾಲೆ ಫೀಸು. ಇಲ್ಲಿ ಯಾರದ್ದೋ ಹೆಸರು ಬರೆದು, ಮತ್ತೆ ಹೊಡೆದುಹಾಕಿ, ಪಕ್ಕದಲ್ಲಿ ಒಂದು ಪ್ರಶ್ನೆ ಚಿಹ್ನೆ ಹಾಕಿದ್ದಾರೆ. ಒಣ ಬಂಗುಡೆ. ಖಾಲಿ.

ಇಡೀ ಪುಸ್ತಕ ಹೀಗೆ. ಸಾಲ ಉಂಟು, ಸಾಲ ಕೊಟ್ಟವರಿಲ್ಲ.

ನಾವು ಮಂಗಳೂರು ಕಡೆಯ ಕ್ಯಾಥೊಲಿಕರು. ಮನೆಯಲ್ಲಿ ಕೊಂಕಣಿ, ಗದ್ದೆ ಬದುವಿನಲ್ಲಿ ತುಳು, ಶಾಲೆಯಲ್ಲಿ ಕನ್ನಡ. ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ಅಲ್ಲಿ ಇನ್ನೂ ಬದುಕಿರುವ ಕೆಲವರಿಗೆ ನಾಚಿಕೆಯಾಗ್ತದೆ.

1990ರ ಆಗಸ್ಟ್ 2, ಗುರುವಾರ. ಸದ್ದಾಂ ಹುಸೇನನ ಸೈನ್ಯ ಕುವೈತಿಗೆ ನುಗ್ಗಿತು. ದೇಶದ ಬೇರೆ ಕಡೆ ಅದು ಪೇಪರಿನ ಸುದ್ದಿ, ಪೆಟ್ರೋಲ್ ರೇಟಿನ ಸುದ್ದಿ. ಕರಾವಳಿಯಲ್ಲಿ ಅದು ಮನೆಯ ಸುದ್ದಿ. ನಮ್ಮದೊಂದೇ ವಾಳೆಯಲ್ಲಿ ನಾಲ್ಕು ಮನೆಯ ಗಂಡಸರು ಅಲ್ಲಿದ್ದರು. ಅದರಲ್ಲಿ ಒಬ್ಬರು ನನ್ನ ಪಪ್ಪ, ಏಸಿ ಮೆಕ್ಯಾನಿಕ್. ನನಗಾಗ ಒಂಬತ್ತು ವರ್ಷ. ಹೊಸ ಮನೆಯ ಕೆಂಪುಕಲ್ಲಿನ ಗೋಡೆ ಕಿಟಕಿ ಮಟ್ಟಕ್ಕೆ ಬಂದು ನಿಂತಿತ್ತು. ಹಳೆ ಮನೆಯ ಅರ್ಧ ಆಗಲೇ ಕೆಡವಿ ಆಗಿತ್ತು. ಸೊಸೈಟಿಯಲ್ಲಿ ಸಾಲ. ತಿಂಗಳ ಡ್ರಾಫ್ಟ್ ನಿಂತಿತು, ಕಾಗದ ನಿಂತಿತು. ಪಪ್ಪ ಬದುಕಿದ್ದಾರೋ ಇಲ್ಲವೋ ಅಂತ ಗೊತ್ತಾಗದೆ ಏಳು ವಾರ ಕಳೆದೆವು.

ವಾಳೆ ಅಂದರೆ ಏನು ಅಂತ ಘಟ್ಟದ ಮೇಲಿನವರಿಗೆ ಹೇಳಬೇಕು. ಒಂದು ಇಗರ್ಜಿಗೆ, ಅಂದರೆ ಚರ್ಚಿಗೆ, ಸೇರಿದ ಊರನ್ನು ಮೂವತ್ತು ನಲವತ್ತು ಮನೆಗಳ ತುಂಡುಗಳಾಗಿ ಮಾಡಿರ್ತಾರೆ. ಅಂಥ ಒಂದೊಂದು ತುಂಡು ಒಂದೊಂದು ವಾಳೆ. ಅದಕ್ಕೊಬ್ಬ ಗುರ್ಕಾರ್. ಶಬ್ದ ಕನ್ನಡದ್ದೇ, ಗುರಿಕಾರ. ಮೊಗವೀರರಲ್ಲೂ ಗುರಿಕಾರರು ಇದ್ದಾರೆ, ತುಳುನಾಡಿನ ಬೇರೆ ಜಾತಿಗಳಲ್ಲೂ ಇದ್ದಾರೆ. ನಮ್ಮವರು ಧರ್ಮ ಬೇರೆ ಆದರೂ ಈ ಏರ್ಪಾಡನ್ನು ಬಿಟ್ಟುಕೊಡಲಿಲ್ಲ. ಗುರ್ಕಾರ್ ಪಾದ್ರಿಯಲ್ಲ, ಸಂಬಳ ಇಲ್ಲ. ಹಬ್ಬದ ವಂತಿಗೆ ಎತ್ತುವುದು, ಸಾವಿನ ಮನೆಗೆ ಜನ ಸೇರಿಸುವುದು, ಅಣ್ಣ ತಮ್ಮಂದಿರ ಬೇಲಿ ಜಗಳ ಬಿಡಿಸುವುದು ಇವರ ಕೆಲಸ. ಇದನ್ನೆಲ್ಲ ಮಾಡಿ ಮಾಡಿ ಅವರಿಗೆ ಒಂದು ವಿದ್ಯೆ ಬಂದಿರ್ತದೆ. ಯಾರ ಮನೆಯ ಒಲೆಯಲ್ಲಿ ಇವತ್ತು ಹೊಗೆ ಏಳಲಿಲ್ಲ ಅಂತ ಅವರಿಗೆ ಗೊತ್ತು.

ನಮ್ಮ ಗುರ್ಕಾರ್ ಮೊದಲನೇ ದಿನವೇ ಬಂದರು. ಸಮಾಧಾನದ ಮಾತು ಒಂದೂ ಆಡಲಿಲ್ಲ. ‘ಸಂಜೆ ತೇರ್ಸ್ ಇಲ್ಲೇ ಮಾಡುವ’ ಅಂದರು, ಅಷ್ಟೆ. ತೇರ್ಸ್ ಅಂದರೆ ಜಪಮಾಲೆಯ ಪ್ರಾರ್ಥನೆ. ಮಾಮೂಲಿಯಾಗಿ ಅವರವರ ಮನೆಯಲ್ಲಿ ಹೇಳುವುದು. ಅಂದಿನಿಂದ ಪ್ರತಿ ಸಂಜೆ ನಮ್ಮ ಮನೆಗೆ ನಾಲ್ಕೈದು ಮನೆಯವರು ಸರದಿ ಪ್ರಕಾರ ಬಂದರು. ಪ್ರಾರ್ಥನೆಯಿಂದ ಪಪ್ಪ ವಾಪಸ್ಸು ಬಂದರೋ, ಏರ್ ಇಂಡಿಯಾದಿಂದ ಬಂದರೋ, ನನ್ನನ್ನು ಕೇಳಬೇಡಿ. ಆದರೆ ಏಳು ವಾರದಲ್ಲಿ ಒಂದು ಸಂಜೆ ಕೂಡ ಅಮ್ಮ ಒಬ್ಬರೇ ಕತ್ತಲೆಗೆ ಮುಖ ಮಾಡಿ ಕೂತಿರಲಿಲ್ಲ. ಅದು ನಾನು ಕಣ್ಣಾರೆ ಕಂಡದ್ದು.

ಈಗ ಬೀಡಿಯ ವಿಷಯ. ಇದನ್ನು ಸ್ವಲ್ಪ ನಿಧಾನ ಹೇಳ್ತೇನೆ.

ಡ್ರಾಫ್ಟ್ ನಿಂತ ಮೇಲೆ ಅಮ್ಮ ಬೀಡಿ ಕಟ್ಟಲು ಕೂತರು. ಗಲ್ಫ್‌ನಲ್ಲಿ ಗಂಡ ಇರುವ ಹೆಂಗಸು ಬೀಡಿ ಕಟ್ಟುವುದು ಅಂದರೆ ಆ ಕಾಲಕ್ಕೆ ಸಣ್ಣ ಮಾತಲ್ಲ ಮಾರಾಯ್ರೆ. ಬೀಡಿ ಕಂಪನಿಯ ಬ್ರಾಂಚಿನಿಂದ ಎಲೆ, ಹೊಗೆಸೊಪ್ಪು, ನೂಲು ತರಬೇಕು. ಕೊಟ್ಟ ಎಲೆಗೆ ಇಷ್ಟು ಬೀಡಿ ಅಂತ ಲೆಕ್ಕ. ಕಮ್ಮಿ ಬಿದ್ದರೆ ಮಜೂರಿಗೆ ಕತ್ತರಿ. ಅಮ್ಮನ ಕೈ ಹೊಸದು, ಕತ್ತರಿಸುವಾಗ ಎಲೆ ಹಾಳಾಗ್ತಿತ್ತು, ಸುತ್ತಿದ್ದು ಬಿಚ್ಚಿಹೋಗ್ತಿತ್ತು. ತೇರ್ಸ್ ಮುಗಿದ ಮೇಲೆ ನೆರೆಯ ಬಾಯಿಗಳು, ನಮ್ಮ ಹೆಂಗಸರನ್ನು ಕರೆಯುವುದು ಹಾಗೆ, ಎದ್ದು ಹೋಗ್ತಿರಲಿಲ್ಲ. ತಮ್ಮ ತಮ್ಮ ತಡ್ಪೆ, ಅಂದರೆ ಮೊರ, ತಂದು ಜಗಲಿಯಲ್ಲೇ ಕೂತು, ಲಾಟೀನಿನ ಬೆಳಕಲ್ಲಿ, ಊರ ಸುದ್ದಿ ಆಡ್ತಾ ಕಟ್ಟುವುದು. ನಾನು ಒಂದು ದಿನ ನೋಡಿದೆ. ಒಬ್ಬರು ಮಾತಿನ ನಡುವೆ ಕೈ ಚಾಚಿ ಅಮ್ಮನ ತಡ್ಪೆಯ ಎಲೆ ತಗೊಂಡರು. ಹೋಗುವಾಗ ತಮ್ಮ ತಡ್ಪೆಯಿಂದ ಎರಡು ಕಟ್ಟು ಬೀಡಿ ಅಮ್ಮನದ್ದಕ್ಕೆ ಹಾಕಿದರು. ಅಮ್ಮ ಕಂಡುಹಿಡಿದಾಗ ಅವರು ಏನು ಹೇಳಿದರು ಗೊತ್ತುಂಟಾ? ‘ನಿಮ್ಮ ಎಲೆ ಒಣಗಿ ಹೋಗ್ತಿತ್ತು ಬಾಯಿ, ಹಾಗೆ ಕಟ್ಟಿದೆ.’

ಎಲೆ ಒಣಗಿರಲಿಲ್ಲ. ಆಗಸ್ಟ್ ತಿಂಗಳು, ಹೊರಗೆ ಮಳೆ ಹೊಯ್ಯುತ್ತಿದೆ, ಗೋಡೆಯೇ ಬೆವರುತ್ತಿದೆ. ಎಲೆ ಎಲ್ಲಿಂದ ಒಣಗಬೇಕು?

ಇಂಥ ಸುಳ್ಳುಗಳು ಎಷ್ಟೋ. ಬೆಂಡೆಕಾಯಿ ತಂದವರು ಹೇಳಿದ್ದು, ‘ನಮ್ಮಲ್ಲಿ ತಿನ್ನುವವರಿಲ್ಲ, ಬಲಿತು ಹಾಳಾಗ್ತದೆ.’ ಅವರ ಮನೆಯಲ್ಲಿ ಏಳು ಮಕ್ಕಳು! ಫೀಸು ಕಟ್ಟಲು ಅಮ್ಮ ಶಾಲೆಗೆ ಹೋದರೆ ಗುಮಾಸ್ತರು, ‘ಕಟ್ಟಿಯಾಗಿದೆ. ಯಾರು ಕಟ್ಟಿದ್ದಂತ ನಾನು ನೋಡಲಿಲ್ಲ, ಚಹಾಕ್ಕೆ ಹೋಗಿದ್ದೆ’ ಅಂದರು. ಫೀಸು ತೆಗೆದುಕೊಳ್ಳುವವರೇ ಅವರು. ಬೇಲಿಯಾಚೆಯ ಶೆಡ್ತಿ, ಅವರು ನಮ್ಮ ಇಗರ್ಜಿಯವರೂ ಅಲ್ಲ, ಬೆಳಿಗ್ಗೆ ಬೆಳಿಗ್ಗೆ ಹಾಲಿನ ಚೊಂಬು ಇಟ್ಟು, ‘ಬಾಯಮ್ಮಾ, ಕರು ಕುಡಿಯುವುದಿಲ್ಲ’ ಅಂತ ತುಳುವಿನಲ್ಲಿ ಕೂಗಿ ಹೇಳಿ ಹೋಗ್ತಿದ್ದರು. ಕರು ಚೆನ್ನಾಗಿಯೇ ಕುಡಿಯುತ್ತಿತ್ತು, ನಾನು ದಿನಾ ನೋಡ್ತಿದ್ದೆ. ಸುಳ್ಳು ಸಾಕ್ಷಿ ಹೇಳಬಾರದು ಅಂತ ನಮಗೆ ದೇವರ ಕಟ್ಟಳೆಯೇ ಉಂಟು. ಇವರೆಲ್ಲ ಪಾಪನಿವೇದನೆಗೆ ಹೋದಾಗ ಇದನ್ನು ಹೇಳಿದರೋ ಇಲ್ಲವೋ.

ನಾನು ಇವತ್ತು ಋಣ ಹೇಳಲು ಕೂತದ್ದು ಆ ಸುಳ್ಳುಗಳಿಗೆ. ಅಕ್ಕಿಗೆ, ಬೆಂಡೆಕಾಯಿಗೆ ಹೇಳಬಾರದು ಅಂತಲ್ಲ. ಆದರೆ ಅಕ್ಕಿ ಕೊಡುವವರು ಸಿಗ್ತಾರೆ. ತಗೊಂಡವರ ತಲೆ ತಗ್ಗದ ಹಾಗೆ ಕೊಡುವವರು ಕಮ್ಮಿ. ಅದಕ್ಕೆ ಒಳ್ಳೆ ಮನಸ್ಸೊಂದೇ ಸಾಲದು, ಪಳಗಿರಬೇಕು. ಆ ಪಳಗುವಿಕೆ ಇಗರ್ಜಿಯಲ್ಲಿ ಆಗಿತ್ತು ಅಂತ ನನಗೆ ಗೊತ್ತಾದದ್ದು ಎಷ್ಟೋ ವರ್ಷ ಕಳೆದು.

ಸಂತ ವಿನ್ಸೆಂಟ್ ಪಾವ್ಲ್ ಸಭೆ ಅಂತ ಉಂಟು. 1833ರ ಏಪ್ರಿಲ್ 23ರಂದು ಪ್ಯಾರಿಸಿನಲ್ಲಿ ಫ್ರೆಡರಿಕ್ ಒಜಾನಾಮ್ ಎಂಬ ವಿದ್ಯಾರ್ಥಿ ತನ್ನ ಸಂಗಡಿಗರ ಜೊತೆ ಶುರು ಮಾಡಿದ್ದು. ಅವತ್ತಿಗೆ ಅವನಿಗೆ ಸರಿಯಾಗಿ ಇಪ್ಪತ್ತು ತುಂಬಿತ್ತು, ಹುಟ್ಟಿದ ದಿನವೇ ಅದು. ನಮ್ಮ ಕಡೆ ಎಷ್ಟೋ ಇಗರ್ಜಿಗಳಲ್ಲಿ ಇದರ ಘಟಕ ಇದೆ. ಇವರ ಸಭೆಯಲ್ಲಿ ಒಂದು ಗುಟ್ಟಿನ ಚೀಲ ಸುತ್ತುತ್ತದೆ. ಸದಸ್ಯರು ಮುಷ್ಟಿ ಒಳಗೆ ಹಾಕಿ ತೆಗೀತಾರೆ. ನೂರು ಹಾಕಿದನೋ, ಬರಿಗೈ ಹಾಕಿದನೋ, ಪಕ್ಕದವನಿಗೂ ಗೊತ್ತಾಗಬಾರದು. ಆಮೇಲೆ ಇಬ್ಬಿಬ್ಬರಾಗಿ ಮನೆಗಳಿಗೆ ಹೋಗ್ತಾರೆ. ನಮ್ಮ ಮನೆಗೂ ಇಬ್ಬರು ಬರ್ತಿದ್ದರು. ಸುಮ್ಮನೆ ಬಂದವರ ಹಾಗೆ ಕೂತು, ನನ್ನ ಮಗ್ಗಿ ಕೇಳಿ, ಎದ್ದು ಹೋಗುವುದು. ಹೋದ ಮೇಲೆ ದೇವರ ಪೀಠದ ಹತ್ತಿರ, ಮೇಣದ ಬತ್ತಿಯ ಅಡಿಯಲ್ಲಿ ಮಡಚಿದ ನೋಟು.

ಸೆಪ್ಟೆಂಬರ್ 8, ನಮಗೆ ಮೊಂತಿ ಫೆಸ್ತ್. ಮರಿಯಮ್ಮನವರು ಹುಟ್ಟಿದ ಹಬ್ಬ, ಹೊಸ ತೆನೆಯ ಹಬ್ಬವೂ ಹೌದು. ಒಂಬತ್ತು ದಿನ ಮಕ್ಕಳು ಬುಟ್ಟಿ ತುಂಬ ಹೂ ಒಯ್ದು ಮರಿಯಮ್ಮನಿಗೆ ಎರಚ್ತಾರೆ. ಹಬ್ಬದ ದಿನ ಪೂಜೆಯಲ್ಲಿ ಆಶೀರ್ವದಿಸಿದ ತೆನೆ ಮನೆ ಮನೆಗೆ ಬರ್ತದೆ. ಅದರ ಕಾಳು ಸುಲಿದು, ಅರೆದು, ತೆಂಗಿನಹಾಲಿಗೋ ಪಾಯಸಕ್ಕೋ ಹಾಕಿ ಮನೆಯವರೆಲ್ಲ ಒಟ್ಟಿಗೆ ಕುಡಿಯಬೇಕು. ಆಮೇಲೆ ಬಾಳೆಎಲೆಯಲ್ಲಿ ತರಕಾರಿ ಊಟ, ಮೂರು, ಐದು, ಏಳು, ಒಂಬತ್ತು, ಹೀಗೆ ಬೆಸ ಲೆಕ್ಕದಲ್ಲಿ. ಮೀನು ಮಾಂಸ ಅವತ್ತು ಇಲ್ಲ. ಊರಿನಲ್ಲಿ ಇಲ್ಲದ ಮಕ್ಕಳಿಗೆ ಆ ಕಾಳನ್ನು ಲಕೋಟೆಯಲ್ಲಿ ಹಾಕಿ ಬೊಂಬಾಯಿಗೆ, ಗಲ್ಫ್‌ಗೆ ಅಂಚೆಯಲ್ಲಿ ಕಳಿಸುವುದೂ ಉಂಟು.

ಆ ವರ್ಷ ಅಮ್ಮ ಹಬ್ಬ ಬೇಡ ಅಂದಿದ್ದರು. ಗಂಜಿ ಇಟ್ಟಿದ್ದರು. ಗುರ್ಕಾರ್ ತೆನೆ ಹಿಡಿದುಕೊಂಡು ಬಂದರು. ಮನೆಯಲ್ಲಿ ನಾವು ಮೂವರು, ಅಮ್ಮ, ನಾನು, ತಂಗಿ. ಅವರು ಕೊಟ್ಟದ್ದು ನಾಲ್ಕು ತೆನೆ. ಅಮ್ಮ ಎಣಿಸಿ ಅವರ ಮುಖ ನೋಡಿದರು. ಕುವೈತಿಗೆ ಅಂಚೆ ಹೋಗುವುದಿಲ್ಲ ಅಂತ ಅವರಿಗೂ ಗೊತ್ತು. ‘ಒಂದು ಇರಲಿ, ಬಂದವರೇ ತಗೊಳ್ತಾರೆ’ ಅಂದು ಛತ್ರಿ ಬಿಡಿಸಿ ಹೊರಟುಬಿಟ್ಟರು. ಹಿಂದಿನ ರಾತ್ರಿಯೇ ಯಾರೋ ಅಡುಗೆಮನೆ ಮೆಟ್ಟಿಲಲ್ಲಿ ಹರಿವೆ, ಹೀರೆ, ಅಂಬಡೆ, ಮುಳ್ಳುಸೌತೆ, ಕೆಸುವಿನ ದಂಟು ಇಟ್ಟುಹೋಗಿದ್ದರು. ಅಮ್ಮ ಗಂಜಿ ಇಳಿಸಿ ಮಸಾಲೆ ಅರೆದರು.

ಪಪ್ಪ ಬಂದದ್ದು ಸೆಪ್ಟೆಂಬರ್ ಕೊನೆಗೆ. ಬಸ್ಸಿನಲ್ಲಿ ಬಾಗ್ದಾದ್ ದಾಟಿ, ಜೋರ್ಡಾನಿನ ಮರಳಿನಲ್ಲಿ ಡೇರೆಯಲ್ಲಿ ದಿನ ಕಳೆದು, ಅಮ್ಮಾನಿನಿಂದ ವಿಮಾನದಲ್ಲಿ ಬೊಂಬಾಯಿಗೆ. ಆಗ ಏರ್ ಇಂಡಿಯಾ ಸುಮಾರು ಎರಡು ತಿಂಗಳಲ್ಲಿ ನಮ್ಮ ದೇಶದ 1,70,000ಕ್ಕೂ ಹೆಚ್ಚು ಜನರನ್ನು ತಂದಿತು. ಬೊಂಬಾಯಿಯಿಂದ ಇಲ್ಲಿಗೆ ಬಸ್ಸು. ಕೊಂಕಣ ರೈಲು ಇನ್ನೂ ಬಂದಿರಲಿಲ್ಲ. ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ, ಕಿಸೆಯಲ್ಲಿ ಯಾರೂ ತಗೊಳ್ಳದ ದಿನಾರು. ಅಮ್ಮ ದೇವರ ಪೀಠದ ಹಿಂದಿನಿಂದ ಆ ತೆನೆ ತೆಗೆದು ಕೊಟ್ಟರು. ಹುಳ ಬಿದ್ದಿತ್ತು. ಪಪ್ಪ ಹಾಗೇ ಕಾಳು ಬಿಡಿಸಿ ಬಾಯಿಗೆ ಹಾಕಿದರು.

ಇಷ್ಟು ಹೇಳಿ ನಿಲ್ಲಿಸಿದರೆ ನಾನೂ ಒಂದು ಸುಳ್ಳು ಹೇಳಿದ ಹಾಗಾಗ್ತದೆ, ಅದು ಒಳ್ಳೆ ಸುಳ್ಳಲ್ಲ.

ಅದೇ ವಾಳೆಯಲ್ಲಿ ಗದ್ದೆಯಾಚೆ ಒಂದು ಮನೆ ಇತ್ತು. ಆ ಮನೆಯ ಯಜಮಾನ ತೆಂಗಿನಮರದಿಂದ ಬಿದ್ದು ಸೊಂಟ ಮುರಿದುಕೊಂಡಿದ್ದ. ಅವರ ಮನೆಗೆ ತೇರ್ಸಿಗೆ ಸರದಿ ಆಗಲಿಲ್ಲ. ಬುಟ್ಟಿ ಹೋಗ್ತಿತ್ತು, ಆದರೆ ಹಗಲಲ್ಲಿ ಹೋಗ್ತಿತ್ತು, ‘ತಗೊಳ್ಳಿ’ ಅಂತ ಹೇಳಿ ಹೋಗ್ತಿತ್ತು. ಕ್ರೈಸ್ತರಾದರೆ ಜಾತಿ ಹೋಗ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನಮ್ಮಲ್ಲಿ ಮದುವೆ ಮಾತು ಬಂದಾಗ ಅದು ಎದ್ದು ಕೂತುಕೊಳ್ತದೆ, ಮತ್ತೆ ಇಂಥ ಕಡೆಯೂ. ನಮಗೆ ಮರ್ಯಾದೆಯ ಸುಳ್ಳು ಸಿಕ್ಕಿದ್ದು ನಾವು ಅವರ ಲೆಕ್ಕದಲ್ಲಿ ‘ನಮ್ಮವರು’ ಆಗಿದ್ದರಿಂದ. ಅಮ್ಮ ಇದನ್ನು ವಾಳೆಯ ಸಭೆಯಲ್ಲಿ ಎತ್ತಿದ್ದರು. ಯಾರೂ ಮಾತಾಡಲಿಲ್ಲವಂತೆ. ಮರುದಿನದಿಂದ ಅಮ್ಮನೇ ತಂಗಿಯನ್ನು ಕರೆದುಕೊಂಡು ತೇರ್ಸಿಗೆ ಅಲ್ಲಿಗೆ ಹೋಗತೊಡಗಿದರು. ಆಮೇಲೆ ಇನ್ನಿಬ್ಬರು ಬಂದರು, ಮೂರನೆಯವರು ಬರಲಿಲ್ಲ.

ಇನ್ನೊಂದು ವಿಷಯ. 2020ರ ಲಾಕ್‌ಡೌನಿನಲ್ಲಿ ನಾವೆಲ್ಲ ಕಿಟ್ ಕೊಟ್ಟೆವು. ಎಲ್ಲಾ ಪಕ್ಷ, ಎಲ್ಲಾ ಧರ್ಮ, ನಮ್ಮವರೂ. ಅಕ್ಕಿ ಚೀಲದ ಒಂದು ತುದಿ ಕೊಡುವವರ ಕೈಯಲ್ಲಿ, ಇನ್ನೊಂದು ತುದಿ ತಗೊಳ್ಳುವ ಹೆಂಗಸಿನ ಕೈಯಲ್ಲಿ, ಇಬ್ಬರೂ ಕ್ಯಾಮೆರಾ ನೋಡಬೇಕು. ಲೆಕ್ಕಪತ್ರಕ್ಕೆ ಬೇಕಲ್ಲ ಅಂತಾರೆ. ಇರಬಹುದು. ನನಗೆ ಮಾತ್ರ ಆ ಹೆಂಗಸಿನ ಜಾಗದಲ್ಲಿ ಅಮ್ಮ ಕಾಣ್ತಿದ್ದರು. ಈಗ ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಯಾರಿಗೋ ಕಾಯಿಲೆ ಅಂತ ಬಂದ ಕೂಡಲೇ ನಲವತ್ತು ಕೈಮುಗಿದ ಚಿತ್ರ ಬರ್ತವೆ. ನಾನೂ ಹಾಕ್ತೇನೆ, ಬೆಂಗಳೂರಿನ ಸಿಗ್ನಲ್ಲಿನಲ್ಲಿ ನಿಂತು.

ಪಪ್ಪನಿಗೆ ಪರಿಹಾರದ ದುಡ್ಡು ಬಂದದ್ದು ಬಹಳ ವರ್ಷ ಕಳೆದು. ಜಿನೀವಾದಲ್ಲಿ ವಿಶ್ವಸಂಸ್ಥೆಯ ಪರಿಹಾರ ಆಯೋಗ ಅಂತ ಇತ್ತು, ಕುವೈತ್ ಬಿಟ್ಟು ಓಡಿಬಂದವರಿಗೆ ಇಂತಿಷ್ಟು ಡಾಲರ್ ಅಂತ ನಿಗದಿ ಮಾಡಿದ್ದರು. ಆ ಫಾರಂ ತುಂಬಿಸಿ ಕೊಟ್ಟದ್ದೂ ಇಗರ್ಜಿಯ ಹಾಲಿನಲ್ಲಿ ಕೂತ ಒಬ್ಬ ರಿಟೈರ್ಡ್ ಮೇಷ್ಟ್ರು. ದುಡ್ಡು ಕೈಗೆ ಬಂದ ದಿನ ಅಮ್ಮ ಈ ಪುಸ್ತಕ ಹಿಡಿದುಕೊಂಡು ಗುರ್ಕಾರರ ಮನೆಗೆ ಹೋದರು. ‘ಯಾರ್ಯಾರು ಕೊಟ್ಟದ್ದು ಅಂತ ಹೇಳಿ, ಬರೆದುಕೊಳ್ತೇನೆ’ ಅಂದರು.

‘ನನಗೆ ನೆನಪಿಲ್ಲ ಬಾಯಿ’ ಅಂದರಂತೆ.

ಹತ್ತು ವರ್ಷ ಹಿಂದೆ ಯಾವ ಮನೆಯವರು ಹಬ್ಬದ ವಂತಿಗೆಯಲ್ಲಿ ಎಂಟಾಣೆ ಕಮ್ಮಿ ಕೊಟ್ಟದ್ದು ಅಂತ ಬಾಯಿಪಾಠ ಹೇಳುತ್ತಿದ್ದ ಮನುಷ್ಯ! ಅವರು ತೀರಿಕೊಂಡು ಹೋದರು, ಹೆಸರುಗಳೂ ಅವರ ಜೊತೆ ಹೋದವು.

ಈಗ ನಮ್ಮ ವಾಳೆಗೆ ಗುರ್ಕಾರ್ತಿ, ಹೆಂಗಸು. ಟೀಚರ್ ಆಗಿದ್ದವರು. ಹೋದ ಮೊಂತಿ ಫೆಸ್ತಿಗೆ ಎರಡು ದಿನ ಮೊದಲು ಫೋನ್ ಮಾಡಿದರು, ತೆನೆ ಲೆಕ್ಕ ಹಾಕಲಿಕ್ಕೆ. ‘ನಿಮ್ಮ ಮನೆಯಲ್ಲಿ ಎಷ್ಟು ಜನ?’ ಅಂದರು. ಹಬ್ಬಕ್ಕೆ ಊರಿಗೆ ಬರಲಿಕ್ಕಾಗುವುದಿಲ್ಲ ಟೀಚರ್, ಅಲ್ಲಿ ಅಮ್ಮ ಒಬ್ಬರೇ ಇರುವುದು, ಒಂದು ಅಂತ ಬರೆದುಕೊಳ್ಳಿ ಅಂದೆ.

‘ಬರುವವರು ಎಷ್ಟು ಅಂತ ಕೇಳಿದ್ದಲ್ಲ ನಾನು’ ಅಂದರು. ‘ಅಮ್ಮ ಒಂದು, ನೀನು, ನಿನ್ನ ಹೆಂಡತಿ, ಕೆನಡಾದಲ್ಲಿ ಮಗ, ದುಬೈಯಲ್ಲಿ ತಂಗಿಯ ಮನೆಯವರು ನಾಲ್ಕು. ಎಂಟು ಬರೆದಿದ್ದೇನೆ. ಸರಿ ಉಂಟಲ್ಲ?’